ವನಮಾಲಾ ಸಾಕಿದ ಜಾವಾ

ಎರಡು ವರ್ಷದ ಕೆಲಸಕ್ಕೆಂದು ಮಸ್ಕತ್ತಿಗೆ ಹೊರಡುವಾಗ ಜಯಸಿಂಹ ಹೆಂಡತಿಗೆ ಹೇಳಿದ್ದು ಮೂರೇ ಮಾತು. ಗ್ಯಾಸಿನ ಪುಸ್ತಕ ಟ್ರಂಕಿನಲ್ಲಿದೆ, ಬಾಡಿಗೆಯನ್ನು ಐದನೇ ತಾರೀಖಿನೊಳಗೆ ಕೊಡು, ಜಾವಾ ಮುಟ್ಟಬೇಡ. ಆ ಮೋಟಾರ್‌ಸೈಕಲ್ ನೋಡಿಕೊಳ್ಳಲೆಂದು ಮೇಲಿನ ಮಹಡಿಯ ಗೆಳೆಯ ನಾಣಿಯ ಕೈಗೆ ಕೀಲಿ ಒಪ್ಪಿಸಿದ. ಹೆಂಡತಿಗೆ ‘ಹುಷಾರಾಗಿರು’ ಅನ್ನುವುದು ಮರೆತುಹೋಯಿತು. ದೊಡ್ಡ ವಿಷಯವಲ್ಲ ಬಿಡಿ, ಏರ್‌ಪೋರ್ಟಿನ ಗಡಿಬಿಡಿಯಲ್ಲಿ ಗಂಡಸರಿಗೆ ಇಂಥವು ಮರೆಯುತ್ತವೆ.

ಗಾಡಿ ಅರವತ್ತೆಂಟನೇ ಇಸವಿಯದು, ಮೈಸೂರಿನಲ್ಲೇ ತಯಾರಾದದ್ದು. ಮುಂಬಯಿಯ ವಿಕ್ರೋಳಿಯ ಆ ಬಿಲ್ಡಿಂಗಿನಲ್ಲಿ ಅಪ್ಪಟ ಮೈಸೂರಿನವರು ಇಬ್ಬರೇ, ಒಂದು ತಾನು, ಇನ್ನೊಂದು ಜಾವಾ, ಎಂದು ಜಯಸಿಂಹ ಬಂದವರಿಗೆಲ್ಲ ಹೇಳುತ್ತಿದ್ದ. ಮೈಸೂರಿನ ಒಂಟಿಕೊಪ್ಪಲಿನಲ್ಲೇ ಹುಟ್ಟಿ ಬೆಳೆದ ವನಮಾಲಾ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದಳು.

ನಾಣಿ ಮೊದಲ ತಿಂಗಳು ಒಂದು ಸಲ ಬಂದ. ಹತ್ತು ಕಿಕ್ ಹೊಡೆದು ಬೆವರೊರೆಸಿಕೊಂಡ. “ಅತ್ತಿಗೆ, ಇದರ ಆಯಸ್ಸು ಮುಗೀತು ಅನ್ಸುತ್ತೆ. ಜಯಣ್ಣನಿಗೆ ನಾನೇ ಬರೀತೀನಿ,” ಎಂದು ಕೀಲಿಯನ್ನು ಅವಳ ಕೈಗೆ ಹಾಕಿ ಹೋದ. ಬರೆದದ್ದೇನೋ ನಿಜ. ಆದರೆ ಬರೆದದ್ದು ‘ಗಾಡಿ ಫಸ್ಟ್ ಕ್ಲಾಸ್ ಆಗಿದೆ, ಯೋಚನೆ ಬೇಡ’ ಎಂದು. ಮುಂದಿನ ಕಾಗದದಲ್ಲಿ ಜಯಸಿಂಹ ಆ ಸಂತೋಷದ ಸುದ್ದಿಯನ್ನು ಹೆಂಡತಿಗೇ ತಿಳಿಸಿದ.

ಅವಳು ಆಗಲೇ ಆ ಸುಳ್ಳನ್ನು ಬಯಲಿಗೆಳೆಯಬಹುದಿತ್ತು. ಎಳೆಯಲಿಲ್ಲ. ಗಂಡ ವಾಪಸು ಬಂದ ದಿನ ಗಾಡಿ ಒಂದೇ ಕಿಕ್ಕಿಗೆ ಶುರುವಾಗಬೇಕು, ಅವನು ಬೆರಗಾಗಿ ‘ಯಾರೇ ನೋಡಿಕೊಂಡದ್ದು’ ಎಂದು ಕೇಳಬೇಕು, ‘ನಾನೇ’ ಎಂದು ತಾನು ಹೇಳಬೇಕು. ಆ ಒಂದು ಗಳಿಗೆಗಾಗಿ ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಳು. ಹುಚ್ಚು ಹೆಂಗಸು ಅನ್ನಿ. ಹನ್ನೊಂದು ವರ್ಷ ಸಂಸಾರ ಮಾಡಿಯೂ ಒಂದು ಶಹಬ್ಬಾಸ್ ಕೇಳದಿದ್ದವರಿಗೆ ಇಂಥ ಹುಚ್ಚು ಹಿಡಿಯುತ್ತದೆ.

ಕುರ್ಲಾ ಸ್ಟೇಷನ್ನಿನ ಹಿಂದೆ ಬಿಜಾಪುರ ಕಡೆಯ ಬಂಡೆಪ್ಪ ಎಂಬವನ ಗ್ಯಾರೇಜಿತ್ತು. ಅವನನ್ನು ಒಮ್ಮೆ ಮನೆಗೆ ಕರೆಸಿ, ಯಾವುದನ್ನು ಹೇಗೆ ಬಿಚ್ಚುವುದೆಂದು ನೋಡಿ ಕಲಿತಳು. ಆಮೇಲೆ ತಾನೇ ಕಾರ್ಬುರೇಟರ್ ಬಿಚ್ಚಿ, ತರಕಾರಿ ಚೀಲದಲ್ಲಿಟ್ಟುಕೊಂಡು ಲೋಕಲ್ ಹತ್ತುತ್ತಿದ್ದಳು. ಪೆಟ್ರೋಲ್ ವಾಸನೆಗೆ ಪಕ್ಕದ ಹೆಂಗಸರು ಮೂಗು ಮುಚ್ಚಿಕೊಂಡು ಸರಿಯುತ್ತಿದ್ದರು, ಅವಳಿಗೆ ಕೂರಲು ಜಾಗ ಸಿಗುತ್ತಿತ್ತು.

“ಅಕ್ಕಾರ, ಹಳೇ ಎಂಜಿನ್ ಅಂದ್ರ ವಯಸ್ಸಾದ ಮಂದಿ ಇದ್ದಂಗ್ರಿ,” ಎನ್ನುತ್ತಿದ್ದ ಬಂಡೆಪ್ಪ. “ಆಗಾಗ ಮಾತಾಡಿಸಬೇಕು, ಬಿಟ್ರ ಬಿಗೀತಾವು. ಮತ್ತ ಒಂದ್ ಮಾತ ನೆಪ್ಪಿಡ್ರಿ. ಎಣ್ಣಿ ಬೆರಸದ ಪೆಟ್ರೋಲು ಒಂದ್ ಸರ್ತಿನೂ ಟಾಕಿಗೆ ಬೀಳಬಾರ್ದು. ಈ ಎಂಜಿನ್ನಿಗೆ ಆ ಎಣ್ಣಿನ ಜೀವಾ. ಅದಿಲ್ಲಂದ್ರ ಪಿಸ್ಟನ್ ಕಾದು ಒಳಗ ಕಚ್ಚಿಕೊಂಡು ಕುಂದರ್ತೈತಿ.”

ಕಲಿಯುವುದರಲ್ಲಿ ಅವಳು ಗಟ್ಟಿಗಿತ್ತಿ. ಪ್ಲಗ್ಗಿನ ತುದಿ ಹುರಿದ ಕಾಫಿ ಬೀಜದ ಬಣ್ಣಕ್ಕಿದ್ದರೆ ಎಂಜಿನ್ ನೆಮ್ಮದಿಯಾಗಿದೆ ಎಂದರ್ಥ, ಮಸಿ ಹಿಡಿದಿದ್ದರೆ ಎಣ್ಣೆ ಜಾಸ್ತಿಯಾಗಿದೆ. ಬಾಲ್ಕನಿಯಲ್ಲಿ ಎರಡು ಡಬ್ಬಿ ಇಟ್ಟಳು. ಹಸಿರು ಡಬ್ಬಿಯಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲ್, ಲೀಟರಿಗೆ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ನಾಲ್ಕು ಅಳತೆ. ಕೆಂಪು ಡಬ್ಬಿಯಲ್ಲಿ ಬರೀ ಪೆಟ್ರೋಲ್, ಬಿಚ್ಚಿದ ಭಾಗಗಳನ್ನು ತೊಳೆಯಲು. ಭಾನುವಾರ ಬೆಳಗ್ಗೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಬಿಲ್ಡಿಂಗಿನ ಸುತ್ತ ಆರು ಸುತ್ತು ಗಾಡಿ ಓಡಿಸುತ್ತಿದ್ದಳು. ನಲವತ್ತು ಮನೆಯವರು ಮೊದಲು ನಕ್ಕರು, ಆಮೇಲೆ ರೂಢಿಯಾಯಿತು. ಅವಳಿಗೆ ಅದರ ಸದ್ದಿನ ಮೇಲೆ ಎಂಥ ಪ್ರೀತಿ ಹುಟ್ಟಿತೆಂದರೆ, ಸೌಟು ಕೈಯಲ್ಲಿ ಹಿಡಿದೇ ಕೆಲವೊಮ್ಮೆ ‘ಡುಗ್ಗು ಡುಗ್ಗು’ ಎಂದುಕೊಳ್ಳುತ್ತಿದ್ದಳು.

ಎಂಬತ್ತಾರರ ಮೇ ತಿಂಗಳಲ್ಲಿ ಜಯಸಿಂಹ ಬಂದ. ಸ್ನಾನ ಮುಗಿಸಿದವನೇ ಕೆಳಗಿಳಿದ. ನಾಣಿಯೂ ಬಂದ, ಮಹಡಿ ಮಹಡಿಯ ಗ್ಯಾಲರಿಗಳ ತುಂಬ ಜನ ನಿಂತರು. ಒಂದೇ ಕಿಕ್ಕಿಗೆ ಜಾವಾ ಶುರುವಾಯಿತು. ವನಮಾಲಾಳ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಜಯಸಿಂಹ ಯಾರನ್ನೂ ಏನೂ ಕೇಳಲಿಲ್ಲ. ನೇರ ಹೋಗಿ ನಾಣಿಯನ್ನು ತಬ್ಬಿಕೊಂಡ. “ಮಾತು ಅಂದ್ರೆ ಮಾತು ಉಳಿಸ್ಕೊಂಡೆ ಕಣೋ ನೀನು,” ಎಂದು ಮಸ್ಕತ್ತಿನಿಂದ ತಂದ ಕೈಗಡಿಯಾರವನ್ನು ಅಲ್ಲೇ ಅವನ ಕೈಗೆ ಕಟ್ಟಿದ.

“ಅಯ್ಯೋ, ಏನ್ ಮಹಾ ಜಯಣ್ಣ, ಭಾನುವಾರ ಭಾನುವಾರ ಸ್ವಲ್ಪ ಕೈಯಾಡಿಸ್ತಿದ್ದೆ ಅಷ್ಟೆ,” ಎಂದ ನಾಣಿ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ನಾಚಿಕೆ ಎಂಬುದು ಹುಟ್ಟುವಾಗಲೇ ಇರುವುದಿಲ್ಲ. ಗ್ಯಾಲರಿಯಲ್ಲಿ ನಿಂತವರಿಗೆಲ್ಲ ಸತ್ಯ ಗೊತ್ತಿತ್ತು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಗಂಡ ಹೆಂಡಿರ ನಡುವೆ ನಾವ್ಯಾಕೆ, ಎಂದುಕೊಂಡರೋ ಏನೋ.

ಗಾಡಿಯನ್ನು ಬೈಕುಲ್ಲಾದ ಹಳೆಯ ಗೆಳೆಯರಿಗೆ ತೋರಿಸಿ ಬರುವ ಉತ್ಸಾಹ ಜಯಸಿಂಹನಿಗೆ. ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಕಂಡಿತ್ತು. ತಾನೇ ಮೇಲೆ ಓಡಿ ಬಾಲ್ಕನಿಯ ಕೆಂಪು ಡಬ್ಬಿ ಹಿಡಿದು ಬಂದ.

“ರೀ, ಅದು ಬೇಡ, ಹಸಿರು ಡಬ್ಬಿ ತನ್ನಿ. ಇದರಲ್ಲಿ—”

“ಎಂಜಿನ್ ವಿಷಯ ನೀನು ನಂಗೆ ಹೇಳ್ಕೊಡ್ತೀಯೇನೇ?” ಗ್ಯಾಲರಿಯ ಗಂಡಸರು ನಕ್ಕರು. ಜಯಸಿಂಹನಿಗೆ ಹುರುಪು ಬಂತು. “ನಾಣಿ, ಡಬ್ಬಿ ನೀನು ತುಂಬಿಸಿಟ್ಟಿದ್ದು ತಾನೆ? ಎಣ್ಣೆಗಿಣ್ಣೆ ಬೆರೆಸಿದೀಯಲ್ಲ?”

ನಾಣಿ ಜನ್ಮದಲ್ಲಿ ಆ ಡಬ್ಬಿ ಕಂಡವನಲ್ಲ. ಹೊಸ ಗಡಿಯಾರ ಕೈಯಲ್ಲಿ ಹೊಳೆಯುತ್ತಿತ್ತು. “ಹೂಂ, ಎಲ್ಲಾ ಸರಿಯಾಗಿದೆ, ಹಾಕು ಜಯಣ್ಣ,” ಎಂದ.

ವನಮಾಲಾ ಎರಡನೇ ಸಲ ಹೇಳಲಿಲ್ಲ. ಪೆಟ್ರೋಲ್ ಗಳಗಳ ಇಳಿಯುವುದನ್ನು ನೋಡುತ್ತ ನಿಂತಳು. ಒಂದು ಮಾತು ಸಾಕಿತ್ತು. ಗಾಡಿ ಗೇಟು ದಾಟಿದ ಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಗಂಡನಿಗಾಗಿ ಅಲ್ಲ, ನಾಣಿಗಾಗಿ ಮೊದಲೇ ಅಲ್ಲ. ಎರಡು ವರ್ಷ ಸಾಕಿದ್ದನ್ನು ತಾನೇ ಕೊಲ್ಲಲು ಕಳಿಸಿದೆನಲ್ಲ ಎಂದು ಅತ್ತಳು.

ಮಧ್ಯಾಹ್ನ ಮೂರಕ್ಕೆ ಜಾವಾ ಟೆಂಪೊದಲ್ಲಿ ವಾಪಸು ಬಂತು. ಸಾಯನ್ ಹತ್ತಿರ ಎಂಜಿನ್ ಕಿರ್ರೆಂದು ಕಚ್ಚಿಕೊಂಡು, ಹಿಂದಿನ ಚಕ್ರ ಎಳೆದುಕೊಂಡು ಹೋಗಿ, ಜಯಸಿಂಹ ರಸ್ತೆಗೆ ಬಿದ್ದಿದ್ದ. ಮೊಣಕೈ ತರಚಿತ್ತು. ಕಿಕ್ಕರ್ ಒತ್ತಿದರೆ ಅಲುಗಲಿಲ್ಲ. ಸದ್ದು ಕೇಳಿ ಮತ್ತೆ ಗ್ಯಾಲರಿಗಳು ತುಂಬಿದವು.

“ಏನೋ ಇದು ನಾಣಿ? ಏನ್ ನೋಡ್ಕೊಂಡಿದ್ದೆ ನೀನು?” ಎಂದು ಜಯಸಿಂಹ ಕೇಳಿದ.

ನಾಣಿ ಕೈಗಡಿಯಾರದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. “ನನ್ನೇನು ಕೇಳ್ತೀಯ ಜಯಣ್ಣ? ನಾನು ಮುಟ್ಟಿಲ್ಲಪ್ಪ. ಎರಡು ವರ್ಷದಿಂದ ಎಲ್ಲಾ ಅತ್ತಿಗೆನೇ ಮಾಡಿದ್ದು. ಬಿಚ್ಚೋದು, ತೊಳೆಯೋದು, ಓಡಿಸೋದು. ಬೇಕಾದ್ರೆ ಯಾರನ್ನಾದ್ರೂ ಕೇಳು.”

ಈಗ ನಲವತ್ತು ಮನೆಗೂ ಬಾಯಿ ಬಂತು. ಹೌದು ಹೌದು, ವನಮಾಲಾಬಾಯಿಯೇ, ನಾವೇ ಕಣ್ಣಾರೆ ನೋಡಿದ್ದೇವೆ, ಎಂದು ಒಂದೊಂದು ಗ್ಯಾಲರಿಯಿಂದ ಒಂದೊಂದು ದನಿ ಎದ್ದಿತು.

ಜಯಸಿಂಹ ಹೆಂಡತಿಯ ಕಡೆ ತಿರುಗಿದ. “ಯಾರೇ ನೋಡಿಕೊಂಡದ್ದು ಇದನ್ನ? ನೀನೇನಾ?”

“ಹೌದು,” ಎಂದಳು ವನಮಾಲಾ. “ನಾನೇ.”

“ಅದಕ್ಕೇ ಹೀಗಾಯ್ತು,” ಎಂದ ಜಯಸಿಂಹ.