ಸಾಲಿ ಬೂಟು

ಜೀನ್ಸ್ ಬಟ್ಟೆಯ ಚೂರಿನಿಂದ ನಾನು ಬೂಟು ಒರೆಸುತ್ತಿದ್ದೆ. ಅವ್ವ ಬಾಗಿಲ ಮುಂದೆ ನೀರು ಹೊಡೆದು ರಂಗೋಲಿ ಹಾಕುತ್ತಿದ್ದಳು. ಹೊಲಿಗೆಯ ಸಂದಿಯಲ್ಲಿ ಕೂತಿದ್ದ ಕರಿಮಣ್ಣನ್ನು ಪಿನ್ನಿನಿಂದ ಕೆದರಿ ತೆಗೆದೆ. ಲೇಸು ಸಡಿಲಿಸಿ ಎರಡನ್ನೂ ಹೊಸ್ತಿಲ ಹೊರಗೆ ಜೋಡಿಸಿಟ್ಟೆ. ಅವ್ವ ಅವುಗಳನ್ನು ಒಮ್ಮೆ ನೋಡಿದಳು, ಸತ್ತ ಹೆಗ್ಗಣವನ್ನು ನೋಡುವಂತೆ.

ಅವು ಗಂಡುಹುಡುಗರು ಶಾಲೆಗೆ ಹಾಕಿಕೊಂಡು ಹೋಗುವ ಬೂಟು. ಕರಿ ಬಣ್ಣ, ಅಗಲ ಮೂತಿ, ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೂ ಬಗ್ಗದ ತಳ. ಊರೆಲ್ಲ ನಕ್ಕಿದೆ. "ಸಾಲಿ ಬಿಟ್ಟಾಕಿಗೆ ಸಾಲಿ ಬೂಟು" ಎಂದು ನಮ್ಮೂರು ಕೊಳಗಲ್ಲಿನ ಕಟ್ಟೆಯ ಮೇಲೆ ಕೂತವರು ಇವತ್ತಿಗೂ ಅನ್ನುತ್ತಾರೆ. ಕಟ್ಟೆ ಬಿಟ್ಟು ಏಳದವರ ಕಾಲಿಗೆ ನೋವು ಯಾಕೆ ಬರುತ್ತದೆ?

ನಾನು ಶಾಲೆ ಬಿಟ್ಟದ್ದು ಒಂಬತ್ತನೇ ಕ್ಲಾಸಿನಲ್ಲಿ. ಎಂಟರಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನು ಮಾತ್ರ ಬಿಡಲಿಲ್ಲ. ಅದರ ಮೇಲೆಯೇ ದಿನವೂ ಬಳ್ಳಾರಿಗೆ ಹೋಗಿ, ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಡಬಲ್ ನೀಡಲ್ ಮಿಷನ್ನಿನ ಮುಂದೆ ಕೂರುತ್ತೇನೆ. ದಾರಿಯುದ್ದಕ್ಕೂ ಸೈಕಲ್ ತುಳಿದ ಕಾಲೇ ಅಲ್ಲಿ ಮಿಷನ್ನಿನ ಪೆಡಲನ್ನೂ ತುಳಿಯಬೇಕು. ಚಪ್ಪಲಿ ಹೊರಗೆ ಬಿಡಬೇಕು. ಮಿಷನ್ನು ಲಕ್ಷ್ಮಿಯಂತೆ, ಬರಿಗಾಲಲ್ಲೇ ತುಳಿಯಬೇಕಂತೆ. ಲಕ್ಷ್ಮಿಯನ್ನು ತುಳಿಯುವುದೇ ಹೇಗೆ ಸರಿ ಎಂದು ಯಾರೂ ಕೇಳುವುದಿಲ್ಲ. ಯೂನಿಟ್ಟಿನಲ್ಲಿ ನಮ್ಮ ಕೆಲಸ ನೋಡಿಕೊಳ್ಳುವ ಮಾಸ್ತರ ಜಂಬುನಾಥ ಮಾತ್ರ ಷೂ ಹಾಕಿಕೊಂಡೇ ಒಳಗೆ ಓಡಾಡುತ್ತಾನೆ. ಅವನ ಲಕ್ಷ್ಮಿ ಬೇರೆ ಇರಬೇಕು.

ಹೋದ ಬೇಸಿಗೆಯಲ್ಲಿ ನನ್ನ ಬಲಗಾಲಿನ ಬೆರಳುಗಳ ಬುಡದಲ್ಲಿ ಉರಿ ಶುರುವಾಯಿತು. ಸೈಕಲ್ ಪೆಡಲಿನ ರಬ್ಬರು ಎಂದೋ ಉದುರಿಹೋಗಿ, ನಡುವಿನ ಕಬ್ಬಿಣದ ಸರಳಷ್ಟೇ ಉಳಿದಿತ್ತು. ಅದರ ಮೇಲೆ ಸವೆದ ಹವಾಯಿ ಚಪ್ಪಲಿ. ಯೂನಿಟ್ಟು ಮುಟ್ಟುವಷ್ಟರಲ್ಲಿ ಬೆರಳು ಜೋಮು ಹಿಡಿದಿರುತ್ತಿತ್ತು. ಮಿಷನ್ನಿನ ಪೆಡಲನ್ನು ಎಷ್ಟು ಒತ್ತಿದೆನೆಂದು ತಿಳಿಯದೆ ಹೊಲಿಗೆ ಗೆರೆ ಬಿಟ್ಟು ಓಡುತ್ತಿತ್ತು. ಮೆಲ್ಲಗೆ ಕುಂಟತೊಡಗಿದೆ.

"ಕಾಲು ಆಗ್ವಲ್ದು ಅಂದ್ರ ದಾರ ಕತ್ತರಿಸಾಕ ಕುಂದ್ರಮ್ಮ," ಅಂದ ಜಂಬುನಾಥ. "ಅದಕ್ಕ ಕಾಲೇ ಬೇಕಾಗಿಲ್ಲ. ಇನ್ನೊಂದ್ ಸಲ ಲೇಟಾಗಿ ಬಂದ್ರೂ ಅಷ್ಟ, ನಿನ್ನ ಮಿಷನ್ನಿಗೆ ಅನಿತಾ."

ಮಿಷನ್ನಿಗಾಗಿ ಕಾಯುತ್ತಿದ್ದ ಅನಿತಾ ಅಲ್ಲೇ ನಿಂತಿದ್ದಳು. ನನ್ನ ಸ್ಟೂಲನ್ನು ಜವಳಿ ಅಂಗಡಿಯಲ್ಲಿ ಸೀರೆ ನೋಡುವಂತೆ ನೋಡಿದಳು. ಹೊಲಿದ ಪ್ಯಾಂಟಿನ ಹೆಚ್ಚಿನ ದಾರ ಕತ್ತರಿಸುವವರು ಮೂಲೆಯಲ್ಲಿ ನೆಲದ ಮೇಲೆ ಕೂರುತ್ತಾರೆ. ಆ ಮೂಲೆಗೆ ಹೋದವರು ಮತ್ತೆ ಮಿಷನ್ನಿಗೆ ಬಂದದ್ದನ್ನು ನಾನು ನೋಡಿಲ್ಲ.

ಮನೆಯಲ್ಲಿ ಔಷಧಿಗೆ ಬರವಿರಲಿಲ್ಲ. ಅವ್ವ ಔಡಲ ಎಣ್ಣೆ ಕಾಸಿ ಎಲೆ ಕಟ್ಟಿದಳು. ಪಕ್ಕದ ಮನೆಯ ಗಿಡ್ಡಮ್ಮ ಬಂದು ಕಾಲಿಗೆ ದೃಷ್ಟಿಯಾಗಿದೆ ಎಂದಳು. ಈ ಒಡೆದ ಹಿಮ್ಮಡಿಯನ್ನು ನೋಡಿ ಹೊಟ್ಟೆಕಿಚ್ಚುಪಟ್ಟ ಪುಣ್ಯಾತ್ಮರು ಯಾರೋ ಗೊತ್ತಾಗಲಿಲ್ಲ. ಕೊನೆಗೆ ಅಣ್ಣ ಹುಲುಗೇಶ ತಾನೇ ನೋಡಿಕೊಳ್ಳುವುದಾಗಿ ಹೇಳಿದ. ಅವನಿಗೆ ಮೋಟಾರ್ ಬೈಕಿದೆ, ಬೀಡಿ ಅಂಗಡಿಗೆ ಹೋಗುವುದಕ್ಕೂ ಕಿಕ್ ಹೊಡೆಯುತ್ತಾನೆ. ಪೆಡಲ್ ತುಳಿಯದವರಿಗೇ ಪೆಡಲಿನ ಜ್ಞಾನ ಹೆಚ್ಚು. ಫೋನಿನಲ್ಲಿ ಏನೇನೋ ವಿಡಿಯೋ ನೋಡಿ ಒಂದು ಪೆಟ್ಟಿಗೆ ತರಿಸಿದ.

"ಫಾರಿನ್ ಪೆಡಲ್ ಇವು. ಗುಡ್ಡ ಹತ್ತಾಕ ಮಾಡಿದ್ದು," ಅಂದ.

ಕೊಳಗಲ್ಲಿನಿಂದ ಬಳ್ಳಾರಿಯವರೆಗೆ ನಾನು ಹತ್ತುವ ಗುಡ್ಡ ಯಾವುದೆಂದು ಕೇಳಲಿಲ್ಲ. ಪೆಡಲಿನ ಮೈತುಂಬ ಕಬ್ಬಿಣದ ಮುಳ್ಳು. ಅದರ ಜೊತೆಗೆ ಗುಲಾಬಿ ಬಣ್ಣದ ಲೇಡೀಸ್ ಷೂ, ಚೂಪು ಮೂತಿ, ಇಡ್ಲಿಯಂಥ ತಳ. "ಒತ್ತಿ ನೋಡು, ಎಷ್ಟ್ ಮೆತ್ತಗ ಐತಿ. ನೋವಿಗೆ ಮೆತ್ತಂದ ಬೇಕು," ಅಂದ. ಮುಳ್ಳಿನ ಮೇಲೆ ಇಡ್ಲಿ ಇಟ್ಟು ತುಳಿದರೆ ಏನಾಗುತ್ತದೋ ಅದೇ ಆಯಿತು. ಮುಂದೆ ಮೂತಿ ಬೆರಳುಗಳನ್ನು ಹಿಂಡಿತು, ಕೆಳಗೆ ಮುಳ್ಳು ಎದ್ದವು. ಸಂಜೆ ಅಂಗಾಲಿನಲ್ಲಿ ಚುಕ್ಕಿ ರಂಗೋಲಿ ಮೂಡಿತ್ತು. "ನಿಂಗ ತುಳಿಯಾಕ ಬರಂಗಿಲ್ಲ ಬಿಡು," ಅಂದ ಅಣ್ಣ.

ನಾನು ಬಾಯಿ ತೆರೆಯುವುದು ಕಡಿಮೆ, ಕಣ್ಣು ತೆರೆಯುವುದು ಹೆಚ್ಚು. ರಸ್ತೆಯಲ್ಲಿ ದಿನವೂ ಸೈಕಲ್ ತುಳಿಯುವವರ ಕಾಲುಗಳನ್ನೇ ನೋಡತೊಡಗಿದೆ. ಹಾಲಿನವನ ಪೆಡಲು ಅಂಗೈಗಿಂತ ಅಗಲ, ಎರಡು ದಪ್ಪ ರಬ್ಬರ್ ಗಟ್ಟಿ. ಗಾರೆ ಕೆಲಸದವರ ಚಪ್ಪಲಿಯ ತಳ ಟೈರಿನದು, ಹಲಗೆಯಂತೆ ಗಟ್ಟಿ. ಅವರು ಯಾರೂ ಪಾದದ ನಡುವಿನಿಂದ ತುಳಿಯುತ್ತಿರಲಿಲ್ಲ, ಬೆರಳ ತುದಿಯಿಂದಲೂ ಅಲ್ಲ. ಬೆರಳ ಬುಡದ ಅಗಲ ಭಾಗವನ್ನು ಪೆಡಲಿನ ಮೇಲೆ ಕೂರಿಸುತ್ತಿದ್ದರು. ಮೆತ್ತನೆಯ ತಳ ಅವರಲ್ಲಿ ಒಬ್ಬರದೂ ಇರಲಿಲ್ಲ.

ಬಳ್ಳಾರಿಯ ಕೌಲ್ ಬಜಾರಿನ ಸೈಕಲ್ ಅಂಗಡಿಯಲ್ಲಿ ಹಾಲಿನವನದರಂಥ ರಬ್ಬರ್ ಪೆಡಲ್ ಕೇಳಿದೆ. ಲೇಡೀಸ್ ಸೈಕಲ್ಲಿಗೆ ಲೇಡೀಸ್ ಪೆಡಲೇ ಚೆಂದ ಎಂದು ಅಂಗಡಿಯವನು ಬೆರಳಗಲದ್ದನ್ನು ಮುಂದಿಟ್ಟ. ಚೆಂದಕ್ಕೆ ಯಾರು ತುಳಿಯುತ್ತಾರೋ! ಅಗಲದ್ದರ ಕಡೆಗೇ ಕೈ ತೋರಿಸಿ ನಿಂತೆ, ಕೊಡುವವರೆಗೂ ಕೈ ಇಳಿಸಲಿಲ್ಲ. ಗಟ್ಟಿ ತಳದ ಸಾಲಿ ಬೂಟು ಕೊಳ್ಳಲು ಕುರುಗೋಡಿಗೆ ಹೋದೆ. ಅಲ್ಲಿ ನನ್ನ ಗುರುತಿನವರಿಲ್ಲ.

"ತಮ್ಮನ್ನ ಕರ್ಕೊಂಡು ಬಾರಮ್ಮ, ಅಳತಿ ನೋಡ್ಬೇಕಲ್ಲ," ಅಂದ ಆ ಅಂಗಡಿಯವನು.

"ಅವಂದೂ ನಂದೂ ಒಂದೇ ಕಾಲು," ಅಂದೆ. ನನಗೆ ತಮ್ಮನಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಉರಿ ಹೋಯಿತು, ಕುಂಟೂ ಹೋಯಿತು. ನನ್ನ ಹೊಲಿಗೆ ಮತ್ತೆ ಗೆರೆ ಬಿಡಲಿಲ್ಲ. ಅಣ್ಣ ತಾನು ತರಿಸಿದ ಪೆಡಲಿನಿಂದಲೇ ಗುಣವಾಯಿತೆಂದು ಎಲ್ಲರಿಗೂ ಹೇಳಿದ.

ಇವತ್ತು ನನ್ನನ್ನು ನೋಡಲು ಸಿರುಗುಪ್ಪದ ಕಡೆಯ ದೇಶನೂರಿನಿಂದ ಗಂಡಿನವರು ಬರುವುದಿತ್ತು. ಬೆಳಿಗ್ಗೆಯೇ ಬಂದು ಹೋಗುತ್ತಾರೆ, ನೀನು ಡ್ಯೂಟಿಗೆ ಹೋಗಬಹುದು ಎಂದು ಅವ್ವ ಹೇಳಿದ್ದಳು. ಬೂಟು ಬಾಗಿಲಲ್ಲಿ ಇಟ್ಟದ್ದು ಅದಕ್ಕೇ. ಅವರು ಕಾರಿನಲ್ಲಿ ಬಂದರು, ತಡವಾಗಿಯೇ ಬಂದರು. ಗಂಡು ತಿಪ್ಪೇಸ್ವಾಮಿ, ಅವನ ತಾಯಿ ಜಂಬಮ್ಮ. ಎರಡು ಬೆಳೆ ಭತ್ತ ಬೆಳೆಯುವ ಮನೆಯಂತೆ. ಅವನ ಬಿಳಿ ಷೂಗೆ ಮಾತ್ರ ಗದ್ದೆಯ ಪರಿಚಯವಿದ್ದಂತಿರಲಿಲ್ಲ.

ಜಂಬಮ್ಮ ಹೊಸ್ತಿಲಲ್ಲೇ ನಿಂತಳು. "ಈ ಬೂಟು ಯಾರ್ದು? ಒಬ್ನೇ ಗಂಡುಮಗ ಅಂದಿದ್ರಿ."

"ನಮ್ಮ ಸಣ್ಣವಂದ್ರಿ," ಅಂದಳು ಅವ್ವ.

ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ನನಗೆ ಎರಡನೆಯ ಸಲ ತಮ್ಮ ಹುಟ್ಟಿದ.

"ಎಲ್ಲಿ ಅದಾನ?"

"ಸಾಲಿಗೆ ಹೋಗ್ಯಾನ್ರಿ," ಅಂದ ಅಣ್ಣ.

"ಬೂಟು ಮನ್ಯಾಗಿಟ್ಟು ಸಾಲಿಗೆ ಹೋಗ್ಯಾನ?"

"ಇವತ್ತು ಚಪ್ಲಿ ಹಾಕ್ಕೊಂಡು ಹೋಗ್ಯಾನ್ರಿ. ಬರ್ರಿ, ಒಳಗ ಬರ್ರಿ."

ಅವ್ವ ಬೂಟುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಬರಿಗೈಯಲ್ಲಿ ಬಂದಳು. ನಾನು ಚಹಾ ಕೊಟ್ಟೆ. ಹುಡುಗಿ ಏನು ಮಾಡುತ್ತಾಳೆ ಎಂದು ಜಂಬಮ್ಮ ಕೇಳಿದಳು.

"ಬಳ್ಳಾರ್ಯಾಗ ಹೊಲಿಗಿ ಕಲೀತಾಳ್ರಿ, ಸುಮ್ನ ಟೈಮ್ ಪಾಸಿಗೆ," ಅಂದ ಅಣ್ಣ. "ನಾನ ಬೈಕಿನ್ಯಾಗ ಬಿಟ್ಟು ಬರ್ತೀನಿ."

ಅವನು ನನ್ನನ್ನು ಬೈಕಿನಲ್ಲಿ ಕೂರಿಸಿದ್ದು ಅಜ್ಜಿ ಸತ್ತ ದಿನ ಮಾತ್ರ.

"ಒಂದೀಟು ಆ ಗೋಡಿತನ ನಡದು ಬಾರವ್ವ," ಅಂದಳು ಜಂಬಮ್ಮ. "ಬ್ಯಾಸರ ಮಾಡ್ಕೋಬ್ಯಾಡ. ನಮ್ಮ ಓಣ್ಯಾಗ ಒಬ್ರು ಕುಂಟಿ ಸೊಸಿನ ತಂದ್ರು. ಸೀರಿ ಕೆಳಗ ಗೊತ್ತಾಗ್ಲೇ ಇಲ್ಲ."

ಗೋಡೆಯವರೆಗೆ ನಡೆದು ತಿರುಗಿ ಬಂದೆ. ಎಲ್ಲರೂ ನನ್ನ ಪಾದಗಳನ್ನೇ ನೋಡಿದರು, ಎತ್ತಿನ ಗೊರಸು ನೋಡುವಂತೆ. ತಿಪ್ಪೇಸ್ವಾಮಿ ಕೂಡ ಫೋನಿನಿಂದ ಕಣ್ಣೆತ್ತಿದ.

"ನಡಿಗಿ ಚೊಲೋ ಐತಿ. ಇಂಥ ನಡಿಗಿ ಹುಟ್ಟಿನಿಂದ ಬರ್ಬೇಕು," ಅಂದಳು ಜಂಬಮ್ಮ.

"ನಮ್ಮ ಮನ್ತಾನ್ದಾಗ ಎಲ್ರದೂ ಹಂಗ್ರಿ," ಅಂದಳು ಅವ್ವ.

ಆ ನಡಿಗೆ ಕುರುಗೋಡಿನ ಅಂಗಡಿಯದು. ಈಗ ಹಿತ್ತಲಿನ ಯಾವ ಗುಂಡಿಯಲ್ಲಿದೆಯೋ. ಗೋಡೆಯ ಗಡಿಯಾರ ನೋಡಿದೆ. ಯೂನಿಟ್ಟಿನ ಬಾಗಿಲಲ್ಲಿ ಜಂಬುನಾಥ ಷೂ ಕಾಲು ಅಲ್ಲಾಡಿಸುತ್ತ ನಿಂತಿರುತ್ತಾನೆ. ಅನಿತಾ ಸ್ಟೂಲಿನ ಹತ್ತಿರಕ್ಕೆ ಬಂದಿರುತ್ತಾಳೆ. ಈಗ ಹೊರಟು ಜೋರಾಗಿ ತುಳಿದರೆ ಮುಟ್ಟಬಹುದು. ಹವಾಯಿಯಲ್ಲಿ ಹಾಗೆ ತುಳಿದು ಹೋದರೆ, ಮಿಷನ್ನಿನ ಮುಂದೆ ಕೂರುವ ಹೊತ್ತಿಗೆ ಕಾಲೇ ನನ್ನದಾಗಿರುವುದಿಲ್ಲ.

ಅಣ್ಣ ಆಗ ನನ್ನ ತಮ್ಮನ ಬಗ್ಗೆ ಹೇಳುತ್ತಿದ್ದ. ಅವನು ಲೆಕ್ಕದಲ್ಲಿ ಬಹಳ ಚುರುಕಂತೆ.

ಖಾಲಿ ಲೋಟಗಳನ್ನು ತಟ್ಟೆಗೆ ತುಂಬಿಕೊಂಡೆ. ಬಂದವರ ಮುಂದೆ ನಾನು ಬಾಯಿ ಬಿಟ್ಟವಳಲ್ಲ.

"ಅವ್ವ, ನನ್ನ ಬೂಟು ಕೊಡು. ಡ್ಯೂಟಿಗೆ ಹೊತ್ತಾತು."

ಜಂಬಮ್ಮ ನನ್ನ ಪಾದ ನೋಡಿದಳು, ಆಮೇಲೆ ಹೊಸ್ತಿಲು ನೋಡಿದಳು. ತಿಪ್ಪೇಸ್ವಾಮಿ ಫೋನಿಗೆ ಮರಳಿದ. ಅವ್ವ ಸೆರಗಿನ ಮಣ್ಣು ಕೊಡವುತ್ತಿದ್ದಳು.

"ನನ್ನ ಬೂಟು ಕೊಡು ಅವ್ವ," ಅಂದೆ.