ಗೌಜಲಹಕ್ಕಿಯ ಎಪ್ಪತ್ತೆರಡು ಸಾಲು

ಶುಕ್ರವಾರ ಬೆಳಗ್ಗೆ ಕಳಿಸಿದ ಫೋಟೊದ ಕೆಳಗೆ ಶನಿವಾರ ಸಂಜೆಯಾದರೂ ಒಂದೇ ಟಿಕ್ಕು, ಅದೂ ಬೂದು ಬಣ್ಣದ್ದು. ಶಶಿರೇಖಾ ಗಂಡ ಓಬಳೇಶನ ಫೋನನ್ನು ಮುಖದ ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. ಹಾಗೆ ನೋಡಿದರೆ ಟಿಕ್ಕು ಎರಡಾಗುತ್ತದೆಯೇ? ಹೊರಗೆ ಆಟೋ ಒರೆಸುತ್ತಿದ್ದ ಓಬಳೇಶ ಅಲ್ಲಿಂದಲೇ ಕೂಗಿದ.

"ಹೋತಾ?"

"ಇಲ್ಲ. ಕೆಂಚಕ್ಕನ ಫೋನಿಗೆ ರೀಚಾರ್ಜ್ ಮುಗ್ದು ನಾಲ್ಕು ದಿನ ಆತಂತೆ. ಮಾಮ ಈಗ ಹೇಳ್ದ. ಸೇಂಗಾ ಬಿಡ್ಸಿದ ಕೂಲಿ ಬಂದ್ಮೇಲೆ ಹಾಕುಸ್ತಾಳಂತೆ. ನಾವು ಹಾಕುಸ್ತೀವಿ ಅಂದ್ರೆ ಬ್ಯಾಡ ಅಂದ್ಳಂತೆ."

ಮಾಮ ಎಂದರೆ ಶಶಿರೇಖಾಳ ಸೋದರಮಾವ ಜಂಬುಲಿಂಗಪ್ಪ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರ. ಕೆಂಚಕ್ಕ ಅವನ ಪಕ್ಕದ ಮನೆಯವಳು. ಜಂಬುಲಿಂಗಪ್ಪನದು ಗುಂಡಿ ಒತ್ತುವ ಹಳೇ ಫೋನು, ಅದರಲ್ಲಿ ಮಾತು ಬಿಟ್ಟರೆ ಮತ್ತೇನೂ ಬರುವುದಿಲ್ಲ. ಎಂಟು ವರ್ಷದ ಹಿಂದೆ ಮದುವೆಯಾಗಿ ಚಳ್ಳಕೆರೆಗೆ ಬಂದ ಶಶಿರೇಖಾ ಮಗ್ಗದ ಬೀದಿಯನ್ನು ಅಲ್ಲೇ ಬಿಟ್ಟು ಬಂದಳು, ಚಿತ್ರ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಬೆಳಗ್ಗೆ ಎಣ್ಣೆ ಗಿರಣಿಯಲ್ಲಿ ಕಾಳು ಆರಿಸುವುದು, ಮಧ್ಯಾಹ್ನ ಚೌಕುಳಿ ಕಾಗದದ ಮೇಲೆ ಸೀರೆಯ ಅಂಚು ಬರೆಯುವುದು. ಹೀಗೆ ಬರೆದ ನಲವತ್ತು ಚಿತ್ರ ಅವಳ ಟ್ರಂಕಿನಲ್ಲಿದ್ದವು. ಅವುಗಳಲ್ಲಿ ಒಂದೂ ಇದುವರೆಗೆ ಮಗ್ಗ ಏರಿರಲಿಲ್ಲ.

ಈಗ ಏರುವ ಕಾಲ ಬಂದಿತ್ತು. ನೇಕಾರರ ಸೊಸೈಟಿಯ ಕಾರ್ಯದರ್ಶಿ ಬೊಮ್ಮಲಿಂಗಪ್ಪ ಹೊಸ ಅಂಚು ಹುಡುಕುತ್ತಿದ್ದ. ಸೋಮವಾರ ಮಾದರಿಗಳನ್ನು ಹೊತ್ತು ಪ್ರದರ್ಶನಕ್ಕೆ ಹೋಗುವವನು, ಭಾನುವಾರ ನಾಲ್ಕು ಗಂಟೆಗೆ ಜಂಬುಲಿಂಗಪ್ಪನ ಮನೆಗೆ ಬರುತ್ತೇನೆಂದಿದ್ದ. ಕಾಗದ ಗೀಗದ ಬೇಡ, ಒಂದು ಗೇಣು ನೇಯ್ದು ತೋರಿಸಿ ಅಂದಿದ್ದ. ತೋರಿಸದಿದ್ದರೆ ಹಳೇ ಮಾವಿನಕಾಯಿ ಅಂಚೇ ಇನ್ನೊಂದು ವರ್ಷ.

"ಕಂಡಕ್ಟರ್ ಕೈಯಾಗೆ ಕಾಗದ ಕಳ್ಸಾನೇನು?" ಎಂದ ಓಬಳೇಶ.

ಕಾಗದ ಹೋದರೆ ಸಾಲದು. ಜಂಬುಲಿಂಗಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೆಂಚಕ್ಕನ ಫೋನಿನಲ್ಲಿ ಎರಡು ಬೆರಳಿಂದ ಎಳೆದು ಎಳೆದು ಚಿತ್ರವನ್ನು ದೊಡ್ಡದು ಮಾಡಿದರೆ ಮಾತ್ರ ಚೌಕ ಕಾಣುತ್ತಿತ್ತು. ಶಶಿರೇಖಾಳೇ ಹೋಗೋಣವೆಂದರೆ ಗಿರಣಿಯ ಅಂಗಳದಲ್ಲಿ ಜಾರಿಬಿದ್ದು ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರು.

ಡೇಟಾ ನಮ್ಮಲ್ಲಿ ಬಲು ಅಗ್ಗ ಎಂದು ಓದಿದವರು ಹೇಳುತ್ತಾರೆ. ಇರಬಹುದು. ವರ್ಷಕ್ಕೆ ತಿಂಗಳು ಹನ್ನೆರಡು, ಇಪ್ಪತ್ತೆಂಟು ದಿನದ ರೀಚಾರ್ಜು ಹದಿಮೂರು ಎನ್ನುವುದನ್ನು ಕೆಂಚಕ್ಕನಂಥವರು ಮಾತ್ರ ಬೆರಳು ಮಡಿಚಿ ಕಂಡುಹಿಡಿಯುತ್ತಾರೆ. ಎರಡು ವರ್ಷದ ಹಿಂದೆ ಮಹಾಂತೇಶ ಎಂಬ ಹುಡುಗ ಬಂದು ಮೊಳಕಾಲ್ಮೂರಿನಲ್ಲಿ ತರಬೇತಿ ಕೊಟ್ಟ. ಫೋನಿನಲ್ಲೇ ಅಂಚು ಬರೆಯುವ ಆಪು. ಒಳ್ಳೆಯ ಹುಡುಗ, ಒಳ್ಳೆಯ ಆಪು; ನೆಟ್ ಇಲ್ಲದಿದ್ದರೆ ಮಾತ್ರ ತೆರೆಯುವುದಿಲ್ಲ. ತವರಿಗೆ ಹೋಗಿದ್ದ ಶಶಿರೇಖಾಳೂ ಸೇರಿ ಇಪ್ಪತ್ತೆರಡು ಹೆಂಗಸರು ಕಲಿತರು. ಎರಡನೇ ತಿಂಗಳಿಗೆ ಉಳಿದವರು ಮೂವರು. ಬಿಟ್ಟ ಹತ್ತೊಂಬತ್ತು ಜನರ ಕೈಯಲ್ಲಿ ಎಂತೆಂಥ ಹೂವು, ಎಂತೆಂಥ ಬಳ್ಳಿ ಇದ್ದವೋ, ಈಗ ಯಾರಿಗೆ ಗೊತ್ತು? ನೆನೆದರೆ ನನಗಂತೂ ಹೊಟ್ಟೆ ಉರಿಯುತ್ತದೆ. ಆ ಹತ್ತೊಂಬತ್ತರಲ್ಲಿ ಶಶಿರೇಖಾ ಒಬ್ಬಳು, ಅವಳು ಮರಳಿ ಕಾಗದಕ್ಕೆ ಬಂದಳು ಅನ್ನುವುದೇ ಸಮಾಧಾನ.

ಭಾನುವಾರ ಬೆಳಗ್ಗೆ ಆರಕ್ಕೆ ಅವಳು ಗೋಡೆಗೊರಗಿ, ಪ್ಲಾಸ್ಟರಿನ ಕಾಲು ಚಾಚಿ, ಮಡಿಲಲ್ಲಿ ಕಾಗದ ಹರಡಿಕೊಂಡು ಮಾವನಿಗೆ ಫೋನು ಹಚ್ಚಿದಳು. ಅವಳದೂ ಗುಂಡಿಯ ಫೋನೇ. ಅದಕ್ಕೆ ಹಾಕಿಸಿದ್ದು ಬರೀ ಮಾತಿನ ಪ್ಯಾಕು, ಎಷ್ಟು ಮಾತಾಡಿದರೂ ಕೇಳುವವರಿಲ್ಲ.

"ಮಾಮ, ರಟ್ಟು, ಉಳಿ ತಗಂಡು ಕುಂತ್ಕೋ. ನಾನು ಓದ್ತೀನಿ, ನೀನು ಹೊಡಿ."

ಅತ್ತ ಕಡೆ ಜಂಬುಲಿಂಗಪ್ಪ ನಕ್ಕ. "ಫೋನ್ನಾಗೆ ಪುರಾಣ ಓದೋದು ಕೇಳಿದ್ದೆ, ಸೀರೆ ಓದೋದು ಕೇಳಿರ್ಲಿಲ್ಲ. ಓದು."

ಮಗ್ಗಕ್ಕೆ ಚಿತ್ರ ಅರ್ಥವಾಗುವುದು ತೂತಿನ ಲೆಕ್ಕದಲ್ಲಿ. ಕಾಗದದ ಒಂದು ಸಾಲಿಗೆ ಒಂದು ರಟ್ಟು. ತುಂಬಿದ ಚೌಕಕ್ಕೆ ತೂತು, ಖಾಲಿ ಚೌಕಕ್ಕೆ ಇಲ್ಲ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಅದರಡಿ ಹಾಯುವ ಜರಿ ಕಾಣುತ್ತದೆ. ಶಶಿರೇಖಾಳ ಚಿತ್ರದಲ್ಲಿ ಸಾಲಿಗೆ ಅರವತ್ತು ಚೌಕ, ಒಟ್ಟು ಎಪ್ಪತ್ತೆರಡು ಸಾಲು. ಅವಳು ಒಂದೊಂದೇ ಚೌಕ ಓದಿದಳು: ತೂತು, ತೂತು, ಇಲ್ಲ, ಇಲ್ಲ, ತೂತು. ಮೊದಲ ಸಾಲಿಗೆ ಏಳು ನಿಮಿಷ ಹಿಡಿಯಿತು. ಮೂರನೇ ಸಾಲಿನ ನಡುವೆ ಇಬ್ಬರಿಗೂ ಲೆಕ್ಕ ತಪ್ಪಿತು.

"ಹಿಂಗಾದ್ರೆ ಓದಾದೇ ಸಂಜೆ ತಂಕ ಆಗ್ತೈತೆ. ಯಾವಾಗ ನೇಯಾನ?" ಎಂದ ಜಂಬುಲಿಂಗಪ್ಪ.

"ತಡಿ ಮಾಮ. ಹತ್ತು ನಿಮಿಷ ತಡಿ."

ಆ ಹತ್ತು ನಿಮಿಷದಲ್ಲಿ ಶಶಿರೇಖಾ ಮಾಡಿದ್ದನ್ನು ದೊಡ್ಡ ದೊಡ್ಡ ಕಾಲೇಜಿನಲ್ಲಿ ದೊಡ್ಡ ಹೆಸರಿಟ್ಟು ಕಲಿಸುತ್ತಾರಂತೆ. ಅವಳಿಗೆ ಆ ಹೆಸರು ಗೊತ್ತಿಲ್ಲ. ಒಂದೊಂದು ಚೌಕ ಯಾಕೆ ಓದಬೇಕು, ಗುಂಪಾಗಿ ಓದಿದರೆ ಸಾಕಲ್ಲ ಅಂದುಕೊಂಡಳು. ಸಾಲು ಹಿಂದಿನದರಂತೆಯೇ ಇದ್ದರೆ ಅದನ್ನು ಓದುವುದೇ ಬೇಡ, "ಹಂಗೇ" ಎಂದರೆ ಸಾಕು. ತುಸು ಬೇರೆಯಿದ್ದರೆ ಬೇರೆಯಾದಷ್ಟೇ ಹೇಳುವುದು. ತಪ್ಪು ಹಿಡಿಯಲು ಪ್ರತಿ ಸಾಲಿನ ಪಕ್ಕ ತುಂಬಿದ ಚೌಕಗಳ ಮೊತ್ತ ಬರೆದಿಟ್ಟಳು. ಮಾವ ಹೊಡೆದ ರಟ್ಟಿನ ಮೇಲೆ ಬೆರಳಾಡಿಸಿ ತೂತು ಎಣಿಸಿ ಹೇಳಬೇಕು. ಎರಡೂ ಕೂಡಿದರೆ ಮುಂದಿನ ಸಾಲು. ಎಣಿಕೆ ಮಾತ್ರ ತೆಲುಗಿನಲ್ಲಿ. ಮೊಳಕಾಲ್ಮೂರಿನ ಆ ಬೀದಿಯಲ್ಲಿ ಮಾತು ಕನ್ನಡವಾದರೂ ಮಗ್ಗದ ಮುಂದೆ ಕುಂತವರ ಬಾಯಿಗೆ ಮೊದಲು ಬರುವುದು ತೆಲುಗಿನ ಒಕಟಿ, ರೆಂಡು, ಮೂಡು; ಎಂಟು ಎನಿಮಿದಿ, ಹತ್ತು ಪದಿ.

"ಐದು ಬಿಡು. ರೆಂಡು ಎತ್ತು. ಮೂಡು ಬಿಡು. ಎನಿಮಿದಿ ಎತ್ತು. ಉಳಿದದ್ದೆಲ್ಲ ಬಿಡು. ಎಷ್ಟು?"

"ಪದಿ."

"ಸರಿ. ಹಂಗೇ. ಹಂಗೇ. ಇನ್ನೊಂದು ಸರ್ತಿ ಹಂಗೇ, ಕೊನೆಗೆ ಒಂದು ಹೆಚ್ಗೆ."

ಉಳಿ ಟಕ್ ಟಕ್ ಎಂದು ಬೀಳುವುದು ಚಳ್ಳಕೆರೆಯವರೆಗೆ ಕೇಳುತ್ತಿತ್ತು. ಜಂಬುಲಿಂಗಪ್ಪನ ಹೆಂಡತಿ ಲಕ್ಷ್ಮಕ್ಕ ಒಂದು ಕೈಯಲ್ಲಿ ಗಂಡನ ಕಿವಿಗೆ ಫೋನು ಹಿಡಿದು, ಇನ್ನೊಂದರಲ್ಲಿ ಹೊಡೆದ ರಟ್ಟನ್ನು ಸಾಲಾಗಿ ಜೋಡಿಸುತ್ತಿದ್ದಳು. ಎಂಟೂವರೆಯ ಹೊತ್ತಿಗೆ ಮೂವತ್ತು ಸಾಲು ಮುಗಿದವು. ಓಬಳೇಶ ಅರ್ಧ ಗಂಟೆಯಿಂದ ಬಾಗಿಲಲ್ಲೇ ನಿಂತಿದ್ದ, ಆಟೋ ತೆಗೆಯುವುದನ್ನೇ ಮರೆತು. ಹೆಂಡತಿಯನ್ನು ಅವನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ.

ಮೂವತ್ತೊಂದನೇ ಸಾಲಿಗೆ ಉಳಿ ನಿಂತಿತು.

"ಪದಕೊಂಡು ಎತ್ತು ಅಂದ್ಯಾ? ಹನ್ನೊಂದು ಎಳೆ ಒಟ್ಟಿಗೆ?"

"ಹೂಂ ಮಾಮ. ಹಕ್ಕಿ ಹೊಟ್ಟೆ."

"ಯಾವ ಹಕ್ಕಿ?"

ಅವಳು ಅದನ್ನು ಹೇಳಿರಲೇ ಇಲ್ಲ. "ಗೌಜಲಹಕ್ಕಿ. ಕುದಾಪುರದ ಕಾವಲಿನ ಕಡೆ ಸೇಂಗಾ ಕೀಳಾಕೆ ಹೋದಾಗ ನೋಡಿದ್ದೆ. ಹುಲ್ಲಿನೊಳಗಿಂದ ಗುಡುಗುಡು ಅಂತ ಓಡ್ತಿತ್ತು."

"ಹಕ್ಕಿ ಏನಾನ ಇರ್ಲಿ. ಹನ್ನೊಂದು ಎಳೆ ಒಟ್ಟಿಗೆ ಎತ್ತಿದ್ರೆ ಜರಿ ಸಡಿಲ ಬೀಳ್ತೈತೆ ತಾಯಿ. ಉಟ್ಟೋಳ ಬಳೆಗೆ ಸಿಕ್ಕಿ ಕಿತ್ತು ಬರ್ತೈತೆ. ಇಂಥ ಅಂಚು ನಾನು ನೇಯಲ್ಲ. ಮಧ್ಯದಾಗೆ ಎಲ್ಲಾನ ಒಂದೊಂದು ಎಳೆ ಬಿಟ್ಟು ಕಟ್ಟು ಹಾಕು."

ಹಕ್ಕಿಯ ಹೊಟ್ಟೆಯೇ ಹದಿನೇಳು ಸಾಲು. ಹದಿನೇಳನ್ನೂ ಒಡೆದು ಹೊಸದಾಗಿ ಲೆಕ್ಕ ಹಾಕಬೇಕು, ಈಗಲೇ, ಫೋನು ಕಿವಿಗಿಟ್ಟುಕೊಂಡೇ. ಎಲ್ಲೆಂದರಲ್ಲಿ ಕಟ್ಟು ಹಾಕಿದರೆ ಹಕ್ಕಿಯ ಹೊಟ್ಟೆ ಹುಳ ತಿಂದ ಹಾಗೆ ಕಾಣುತ್ತದೆ. ಶಶಿರೇಖಾಳಿಗೆ ಅಳು ಬಂತು. ನಲವತ್ತು ಚಿತ್ರ ಬರೆದವಳು ಒಂದು ದಿನವೂ ನೇಕಾರನ ಪಕ್ಕ ಕುಂತು ಬರೆದವಳಲ್ಲ. ಹೀಗೆ ಜರಿ ಸಡಿಲ ಬೀಳುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಫೋಟೊ ತಲುಪಿದ್ದರೆ ಈಗಲೂ ಹೇಳುತ್ತಿರಲಿಲ್ಲವೇನೋ.

"ಫೋನ್ ಇಡ್ಲಾ?" ಎಂದ ಜಂಬುಲಿಂಗಪ್ಪ, ಮೆತ್ತಗೆ.

"ಇಡಬ್ಯಾಡ."

ಅವಳು ಕಣ್ಣು ಮುಚ್ಚಿದಳು. ಹುಲ್ಲು, ಹುಲ್ಲಿನ ಅಂಚಿಗೆ ಬಂದು ಕತ್ತು ನಿಮಿರಿಸಿ ನಿಂತ ಹಕ್ಕಿ. ಅದರ ಎದೆ, ಹೊಟ್ಟೆ ಎಲ್ಲಿ ಒಂದೇ ಬಣ್ಣ ಇತ್ತು? ಕತ್ತಿನಿಂದ ಬಾಲದವರೆಗೆ ಸಣ್ಣ ಸಣ್ಣ ಗೆರೆ, ಬಾಚಣಿಗೆ ಎಳೆದ ಹಾಗೆ. ಕಾಗದಕ್ಕೆ ಇಳಿಸುವಾಗ ಸೋಮಾರಿತನ ಮಾಡಿ ಆ ಗೆರೆಗಳನ್ನೆಲ್ಲ ನುಂಗಿಹಾಕಿದ್ದಳು. ಈಗ ಹನ್ನೊಂದನ್ನು ಮೂರು, ಒಂದು, ಮೂರು, ಒಂದು, ಮೂರು ಎಂದು ಒಡೆದಳು. ಮುಂದಿನ ಸಾಲಿಗೆ ಗೆರೆಯನ್ನು ಒಂದು ಚೌಕ ಪಕ್ಕಕ್ಕೆ ಸರಿಸಿದಳು.

"ಮೂಡು ಎತ್ತು. ಒಕಟಿ ಬಿಡು. ಮೂಡು ಎತ್ತು. ಒಕಟಿ ಬಿಡು. ಮೂಡು ಎತ್ತು. ಸರಿನಾ?"

ಮಾವನ ಬದಲು ಉಳಿ ಮಾತಾಡಿತು, ಟಕ್ ಟಕ್ ಟಕ್.

ಹದಿನೇಳು ಸಾಲನ್ನು ಅವಳು ಕಾಗದ ನೋಡದೆ ಓದಿದಳು. ಕಾಗದದಲ್ಲಿದ್ದದ್ದು ಈಗ ಸುಳ್ಳಾಗಿತ್ತು. ಎರಡು ಕಡೆ ಮೊತ್ತ ತಪ್ಪಿತು, ಎರಡು ರಟ್ಟು ಹಾಳಾದವು. ಎಪ್ಪತ್ತೆರಡನೇ ಸಾಲು ಮುಗಿದಾಗ ಹತ್ತೂವರೆ. ಲಕ್ಷ್ಮಕ್ಕ ರಟ್ಟುಗಳನ್ನು ದಾರದಲ್ಲಿ ಹೊಲಿದು ಸರ ಮಾಡಲು ಕುಂತಳು. ಶಶಿರೇಖಾಳ ಕಿವಿ ಕೆಂಡವಾಗಿತ್ತು, ಗಂಟಲಲ್ಲಿ ದನಿ ಉಳಿದಿರಲಿಲ್ಲ.

ಆಮೇಲಿನ ಆರು ತಾಸು ಅವಳು ಏನೂ ಮಾಡಲಾರದೆ ಕುಂತಳು. ನೇಯುವವನಿಗೆ ಫೋನು ಮಾಡಬಾರದು. ಓಬಳೇಶ ಆಟೋವನ್ನು ಮನೆ ಮುಂದೆಯೇ ನಿಲ್ಲಿಸಿಕೊಂಡು, ಎಂದೂ ಮಾಡದವನು ಅನ್ನ ಮಾಡಿ ತಳ ಹಿಡಿಸಿದ. ನಾಲ್ಕಾಯಿತು, ನಾಲ್ಕೂವರೆಯಾಯಿತು. ನಾಲ್ಕೂ ಮುಕ್ಕಾಲಿಗೆ ಫೋನು ಬಂದಾಗ ಅದರಲ್ಲಿದ್ದದ್ದು ಮಾವನಲ್ಲ, ಕಾರ್ಯದರ್ಶಿ ಬೊಮ್ಮಲಿಂಗಪ್ಪ.

"ಏನವ್ವಾ, ಗೌಜಲಕ್ಕಿನ ಜನ ಸಾರು ಮಾಡ್ಕಂಡು ಉಣ್ತಾರೆ. ಸೀರೆ ಮೇಲೆ ತಂದೋಳು ನೀನೇ ಮೊದ್ಲು ನೋಡು."

ಶಶಿರೇಖಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಹೊಟ್ಟೆ ಮೇಲಿನ ಗೆರೆ ಐತಲ್ಲ, ಅದನ್ನ ನೋಡಿ ನಮ್ ಹುಡುಗ್ರು ಬಾಯಿ ಮೇಲೆ ಕೈ ಇಟ್ಕಂಡ್ರು. ಮಾದ್ರಿಗೆ ಅರ್ಧ ತುಂಡು ಹರಕಂಡಿದೀನಿ. ಮೊದ್ಲು ಆರು ಸೀರೆಗೆ ಹಾಕಾನ. ಚೀಟಿ ಮೇಲೆ ನಿನ್ ಹೆಸ್ರೇ ಬರೀತೀನಿ. ಅಂದಂಗೆ, ಯಾವ ಆಪ್‌ನಾಗೆ ಮಾಡಿದ್ದು ಇದು?"

"ಬಾಯಾಗೆ ಮಾಡಿದ್ದು ಸಾ."

ಅವನು ತಮಾಷೆ ಎಂದುಕೊಂಡು ನಕ್ಕು ಫೋನನ್ನು ಜಂಬುಲಿಂಗಪ್ಪನಿಗೆ ಕೊಟ್ಟ. ಶಶಿರೇಖಾ ನಗಲಿಲ್ಲ. ಅವಳು ಅಳುತ್ತಿದ್ದಳು, ಮುಚ್ಚಿಡುವ ಗೋಜಿಗೂ ಹೋಗದೆ.

"ಮಾಮ, ಹೆಂಗ್ ಕಾಣ್ತೈತೆ?"

"ನನ್ನ ಕೇಳ್ತೀಯಲ್ಲ, ನನಗೇನು ಕಾಣ್ತೈತೆ?"

"ಕೆಂಚಕ್ಕನ ಫೋನು?"

"ಅದು ಇನ್ನಾ ಹಂಗೇ ಬಿದ್ದೈತೆ." ಜಂಬುಲಿಂಗಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಉಳಿದ ತುಂಡು ನನ್ ಕೈಯಾಗೆ ಐತೆ. ಹೊಸಾ ಕಾಗ್ದ ತಗೋ. ಬೆಳಗ್ಗೆ ನೀನು ಓದಿದ್ಯಲ್ಲ, ಈಗ ನಾನು ಓದ್ತೀನಿ."

ಓಬಳೇಶ ಓಡಿಹೋಗಿ ಚೌಕುಳಿ ಕಾಗದ ತಂದುಕೊಟ್ಟ. ಐವತ್ತು ಕಿಲೋಮೀಟರು ಆಚೆ ಮುದುಕನ ಬೆರಳು ಬಟ್ಟೆಯ ಮೇಲೆ ಸರಿಯತೊಡಗಿತು. ಜರಿ ಸಿಕ್ಕಲ್ಲಿ ಎತ್ತು, ರೇಷ್ಮೆ ಸಿಕ್ಕಲ್ಲಿ ಬಿಡು. ಕಾಲು ಬಂತು. ಗೆರೆಗೆರೆಯ ಹೊಟ್ಟೆ ಬಂತು, ಅವಳು ಕಾವಲಿನಲ್ಲಿ ಕಂಡದ್ದೇ. ಕತ್ತು ಬಂತು, ತಲೆಯೂ ಬಂತು. ಕಿಟಕಿಯ ಬಿಸಿಲು ಅವಳ ಪ್ಲಾಸ್ಟರಿನ ಮೇಲಿಂದ ಗೋಡೆಗೆ ಹತ್ತಿತ್ತು.

"ಮೂಡು ಎತ್ತು," ಎಂದ ಜಂಬುಲಿಂಗಪ್ಪ. "ಒಕಟಿ ಬಿಡು. ರೆಂಡು ಎತ್ತು."

ಶಶಿರೇಖಾ ಮೂರು ಚೌಕ ತುಂಬಿದಳು, ಒಂದನ್ನು ದಾಟಿದಳು, ಎರಡು ತುಂಬಿದಳು. ಪೆನ್ಸಿಲು ಎತ್ತಿ ನೋಡಿದಾಗ, ಖಾಲಿ ಬಿಟ್ಟ ಆ ಚೌಕದಿಂದ ಹಕ್ಕಿ ಅವಳನ್ನೇ ನೋಡುತ್ತಿತ್ತು.