ಬೇರೆ ಒಡಲಿನ ಪತಂಗ

ಸೂಜಿಗೆ ಚುಚ್ಚಿದ ಒಂದು ಬೂದು ಪತಂಗ. ಅದರ ಕೆಳಗೆ ಉಗುರಿನಗಲದ ಚೀಟಿ, ಚೀಟಿಯ ಮೇಲೆ ನನ್ನ ಹೆಸರು.

ಉತ್ತರದ ಆ ಹಿಮದ ಊರಿಗೆ ನಾನು ವಾಮನರಾಯರ ಸಹಾಯಕಳಾಗಿ ಹೋಗಿದ್ದೆ. ರಾಯರು ಮೂವತ್ತು ವರ್ಷ ಪತಂಗಗಳ ಜಾತಿ ವಿಂಗಡಿಸಿದವರು. ತಾವೇ ಮೊದಲು ಕಂಡದ್ದೆಂದು ಹೇಳಿಕೊಳ್ಳಲು ಒಂದು ಜಾತಿಯೂ ಅವರಿಗೆ ಸಿಕ್ಕಿರಲಿಲ್ಲ. ಈ ಬೂದು ಪತಂಗ, ಬೇಸಿಗೆಯಲ್ಲಿ ನಾನು ದೀಪದ ಬಳಿ ಕಟ್ಟಿದ್ದ ಬಿಳಿ ಬಟ್ಟೆಗೆ ಬಂದು ಕೂತಿತ್ತು. ಅಂಥದ್ದು ಮತ್ತೊಂದು ಬರಲಿಲ್ಲ.

ಒಣಗಿದ ಪತಂಗದ ಒಡಲು, ಅಂದರೆ ರೆಕ್ಕೆಗಳ ಹಿಂದಿನ ಹೊಟ್ಟೆಯ ಭಾಗ, ಕಳಚುವುದು ಹೊಸದೇನಲ್ಲ. ಗೋಂದು ಹಚ್ಚಿ ಕೂರಿಸುತ್ತೇವೆ. ಆದರೆ ಚಳಿಗಾಲದ ಒಂದು ದಿನ ನನ್ನ ಮೊಣಕೈ ತಗುಲಿ ಆ ಬೂದು ಪತಂಗದ್ದೂ ಪಕ್ಕದ ಇನ್ನೊಂದರದ್ದೂ ಒಡಲು ಒಟ್ಟಿಗೆ ಉದುರಿದವು. ಎರಡೂ ಒಂದೇ ಬಣ್ಣ, ಜೀರಿಗೆ ಕಾಳಿನಷ್ಟು. ಯಾವುದು ಯಾವುದರದೆಂದು ತಿಳಿಯದೆ, ಅಂದಾಜಿನ ಮೇಲೆ ಅಂಟಿಸಿ ಬಾಯಿ ಮುಚ್ಚಿಕೊಂಡೆ.

ವಾರದ ನಂತರ ರಾಯರು ಭೂತಗನ್ನಡಿಯಿಂದ ತಲೆ ಎತ್ತಿದರು. "ರೆಕ್ಕೆ ಒಂದು ಕುಲದ್ದು, ಒಡಲು ಇನ್ನೊಂದರದ್ದು. ಇಂಥದ್ದನ್ನ ಯಾರೂ ಕಂಡಿಲ್ಲ ಕಣಮ್ಮ. ಹಿಡಿದವಳು ನೀನು, ನಿನ್ನ ಹೆಸರೇ ಇಡ್ತೀನಿ," ಎಂದು ಚೀಟಿ ಬರೆದು ಸೂಜಿಗೆ ಸಿಕ್ಕಿಸಿದರು. ನಾನು ಗೋಂದಿನ ಸೀಸೆಯನ್ನು ಕಪಾಟಿನ ಹಿಂದಕ್ಕೆ ಸರಿಸಿಟ್ಟೆ.

ಅವರು ಪತ್ರಿಕೆಗೆ ಲೇಖನ ಬರೆದ ನಾಲ್ಕು ದಿನವೂ ನನಗೆ ಅನ್ನ ಸೇರಲಿಲ್ಲ. ಗೋಂದಿನ ಸೀಸೆ ಎಲ್ಲಿ ಎಂದು ಕೇಳಿದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೇಳಿದರೆ ನನ್ನನ್ನು ಓಡಿಸುತ್ತಾರೆ; ಹೇಳದಿದ್ದರೆ ಎಲ್ಲಿಯವನೋ ಪಂಡಿತನೊಬ್ಬ ಪತಂಗವನ್ನು ಪರೀಕ್ಷಿಸಿ ಅವರ ಮೂವತ್ತು ವರ್ಷದ ದುಡಿಮೆಯನ್ನು ನಗೆಪಾಟಲು ಮಾಡುತ್ತಾನೆ. ಎರಡಕ್ಕೂ ಹೆದರಿದ್ದೆ.

ಐದನೆಯ ದಿನ ಬೆಳಗ್ಗೆ ಅಂಚೆಯವನು ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವಿದ. ರಾಯರು ಲೇಖನದ ಲಕೋಟೆ ಎತ್ತಿಕೊಂಡರು.

"ಸಾರ್, ಕೊಡಬೇಡಿ," ಎಂದೆ. "ಅದರ ಒಡಲು ಉದುರಿಬಿಟ್ಟಿತ್ತು. ಬೇರೆಯದರದ್ದನ್ನ ಅಂಟಿಸಿಬಿಟ್ಟಿದ್ದೀನಿ ಅನ್ಸುತ್ತೆ."

ಅವರು ಬೈಯಲಿಲ್ಲ. ಲಕೋಟೆಯನ್ನು ಮೇಜಿನ ಮೇಲೆ ಮಗುಚಿಟ್ಟರು. ಅದನ್ನು ಕಂಡು ನನಗೆ ಇನ್ನಷ್ಟು ಭಯವಾಯಿತು.

"ಗೋಂದು ಮಿಂಚ್ತಾ ಇತ್ತು," ಎಂದರು ಮೆಲ್ಲಗೆ. "ಮೊದಲ ದಿನವೇ ಕಂಡೆ. ಕಾಣಲಿಲ್ಲ ಅಂದ್ಕೊಂಡೆ. ನೀನು ಎಲ್ಲಿ ಹೇಳಿಬಿಡ್ತೀಯೋ ಅಂತ ದಿನಾ ಹೆದರ್ತಿದ್ದೆ."

ಅಂಚೆಯವನನ್ನು ಬರಿಗೈಯಲ್ಲಿ ಕಳಿಸಿ, ಒದ್ದೆ ಕುಂಚದಿಂದ ಗೋಂದು ನೆನೆಸಿ ಒಡಲನ್ನು ಬಿಡಿಸಿದರು. ಅವರು ಇರುವ ತನಕ ಮತ್ತೊಂದು ಹೊಸ ಜಾತಿ ಸಿಗಲಿಲ್ಲ.

ಆ ಪೆಟ್ಟಿಗೆ ಈಗ ನನ್ನ ಬಳಿ ಇದೆ. ಸೂಜಿಯಲ್ಲಿ ಒಡಲಿಲ್ಲದ ಬೂದು ರೆಕ್ಕೆಗಳು. ಚೀಟಿಯ ಮೇಲಿನ ನನ್ನ ಹೆಸರಿಗೆ ತೆಳ್ಳನೆಯ ಒಂದು ಗೀಟು. ಅದರ ಕೆಳಗೆ ರಾಯರು ತಮ್ಮ ಹೆಸರನ್ನೂ ಬರೆದು, ಅದಕ್ಕೂ ಗೀಟು ಎಳೆದಿದ್ದಾರೆ.